ದ್ವೇಷ ಭಾಷಣದ ಕೇಸು ಕೆಡುವುದು ಎಲ್ಲಿ?

ವೇದಿಕೆ ಮೇಲಿನಿಂದ ರಾಜಕಾರಣಿಯೊಬ್ಬರು ಒಂದು ಸಮುದಾಯದ ವಿರುದ್ಧ ಜನರನ್ನು ಕೆರಳಿಸಿದ ಆರೋಪ ಬರುತ್ತದೆ, ಎಫ್‌ಐಆರ್ ಆಗುತ್ತದೆ, ವರ್ಷಗಳ ಮೇಲೆ ಖುಲಾಸೆಯ ಸುದ್ದಿ ಬರುತ್ತದೆ. ಊರೆಲ್ಲ ವಿಡಿಯೊ ನೋಡಿದ್ದರೂ ಆರೋಪಿ ಹೇಗೆ ಬಿಡುಗಡೆಯಾದರು ಎಂಬ ಪ್ರಶ್ನೆ ಸಹಜ. ಇಂಥ ಪ್ರಕರಣಗಳು ಹೆಚ್ಚಾಗಿ ಎರಡು ಕಡೆ ಕೆಡುತ್ತವೆ: ಮೊದಲ ವಾರದಲ್ಲಿ ಧ್ವನಿಮುದ್ರಣವನ್ನು ಜಪ್ತಿ ಮಾಡುವ ರೀತಿಯಲ್ಲಿ, ಆಮೇಲೆ ಸರ್ಕಾರದ ಅನುಮತಿಯ ಕಡತದಲ್ಲಿ.

ಮೊದಲು ಕಲಂ ಸರಿಯಾಗಿರಬೇಕು. ಭಾಷಣ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಐಪಿಸಿಯ 153ಎ, 295ಎ, 505. ಆ ದಿನದಿಂದ ಈಚೆಗಾದರೆ ಭಾರತೀಯ ನ್ಯಾಯ ಸಂಹಿತೆಯ 196 (ಗುಂಪುಗಳ ನಡುವೆ ದ್ವೇಷ ಬೆಳೆಸುವುದು), 299 (ಧಾರ್ಮಿಕ ಭಾವನೆಯನ್ನು ಬೇಕೆಂದೇ ಕೆರಳಿಸುವುದು), 353 (ಸಾರ್ವಜನಿಕ ಶಾಂತಿ ಕದಡುವ ಹೇಳಿಕೆ). ಕಲಂ 196ಕ್ಕೆ ಮೂರು ವರ್ಷದವರೆಗೆ ಶಿಕ್ಷೆ, ಕೃತ್ಯ ಪೂಜಾಸ್ಥಳದಲ್ಲಿ ನಡೆದಿದ್ದರೆ ಐದು ವರ್ಷದವರೆಗೆ. ಮಾತು ಕಟುವಾಗಿದ್ದರೆ ಸಾಲದು. ದ್ವೇಷ ಎಬ್ಬಿಸುವ ಉದ್ದೇಶ ಇರಬೇಕು, ಎರಡು ಗುಂಪುಗಳ ನಡುವಿನ ವಿಷಯವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 1997ರ ಬಿಲಾಲ್ ಅಹ್ಮದ್ ಕಾಲೂ ತೀರ್ಪಿನಲ್ಲಿ ಹೇಳಿದೆ. 2020ರ ಅಮೀಶ್ ದೇವಗನ್ ತೀರ್ಪು ಮಾತನಾಡಿದವರು ಯಾರು, ಕೇಳಿದವರು ಯಾರು, ಸಂದರ್ಭ ಏನು ಎಂಬುದನ್ನೂ ತೂಗುತ್ತದೆ. ಆದ್ದರಿಂದ ಮೂವತ್ತು ಸೆಕೆಂಡಿನ ತುಣುಕು ಹಿಡಿದು ದೂರು ಕೊಡುವುದು ಅಪಾಯ. ಇಡೀ ಭಾಷಣ ಬೇಕು, ಆಡಿದ ಭಾಷೆಯಲ್ಲೇ ಅಕ್ಷರಶಃ ಬರೆದ ಪ್ರತಿ ಬೇಕು.

ದೂರಿಗಾಗಿ ಕಾಯದೆ ಪೊಲೀಸರೇ ಕೇಸು ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಮೂರು ಸರ್ಕಾರಗಳಿಗೆ ನೀಡಿದ್ದ ಆದೇಶವನ್ನು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ಇತ್ತ ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ರಡಿ, ಡಿವೈಎಸ್ಪಿ ಅನುಮತಿ ಪಡೆದು 14 ದಿನಗಳ ಪ್ರಾಥಮಿಕ ವಿಚಾರಣೆಗೂ ಅವಕಾಶವಿದೆ. ಮಾತಿನ ಹಕ್ಕು ಕಾಯಲು ಈ ಅವಕಾಶ ಬೇಕು, ಒಪ್ಪುತ್ತೇನೆ. ಆದರೆ ಆ 14 ದಿನ ಸಾಕ್ಷ್ಯ ಹಾಳಾಗಲು ಬಿಡುವ ಸಮಯ ಆಗಬಾರದು.

ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ಬಂದ ವಿಡಿಯೊ ಕುಗ್ಗಿರುತ್ತದೆ, ತೆಗೆದ ದಿನ, ಸಾಧನದ ಗುರುತು ಅಳಿಸಿರುತ್ತದೆ. ತನಿಖಾಧಿಕಾರಿ ಹುಡುಕಬೇಕಾದ್ದು ಚಿತ್ರೀಕರಿಸಿದ ಫೋನನ್ನೇ, ಕ್ಯಾಮೆರಾದ ಮೆಮೊರಿ ಕಾರ್ಡನ್ನೇ. ಪಂಚರ ಮುಂದೆ ಜಪ್ತಿ, ಸ್ಥಳದಲ್ಲೇ ಹ್ಯಾಶ್ ಮೌಲ್ಯದ (ಕಡತ ಸ್ವಲ್ಪ ಬದಲಾದರೂ ಬದಲಾಗುವ ಡಿಜಿಟಲ್ ಗುರುತು ಸಂಖ್ಯೆಯ) ದಾಖಲೆ, ಮೊಹರು, ಆಮೇಲೆ ವಿಧಿವಿಜ್ಞಾನ ಪ್ರಯೋಗಾಲಯ (ಎಫ್‌ಎಸ್‌ಎಲ್). ಮೂಲ ಸಾಧನವನ್ನೇ ಹಾಜರುಪಡಿಸದೆ ಪ್ರತಿ ಕೊಡುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಕಡ್ಡಾಯ. ಅದರಲ್ಲಿ ಎರಡು ಭಾಗ, ಹಾಜರುಪಡಿಸುವವರದ್ದು ಒಂದು, ತಜ್ಞರದ್ದು ಇನ್ನೊಂದು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರವಿಲ್ಲದ ಪ್ರತಿ ಸಾಕ್ಷ್ಯವಾಗದು ಎಂದು ಸುಪ್ರೀಂ ಕೋರ್ಟಿನ 2014ರ ಅನ್ವರ್ ತೀರ್ಪು ಹೇಳಿದ್ದನ್ನು 2020ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿಯಿತು. ದನಿ ತನ್ನದಲ್ಲ ಎಂದು ಆರೋಪಿ ಹೇಳಿದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 349ರಡಿ ದನಿಯ ಮಾದರಿ ಕೊಡುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಈ ಅರ್ಜಿಯನ್ನು ತಡವಾಗಿ ಹಾಕುವುದು ನಮ್ಮ ತನಿಖೆಗಳ ಹಳೆಯ ರೋಗ. ವಿಡಿಯೊ ಬಿದ್ದುಹೋದರೆ ಉಳಿಯುವುದು ಸಭೆಯಲ್ಲಿದ್ದ ಸಾಕ್ಷಿಗಳು. ಪ್ರಬಲ ನಾಯಕರ ಎದುರು ಅವರೂ ತಿರುಗಿ ಬೀಳುತ್ತಾರೆ. ಉತ್ತರ ಪ್ರದೇಶದ ಪೀಲೀಭೀತ್‌ನ 2009ರ ಭಾಷಣಗಳ ಪ್ರಕರಣದಲ್ಲಿ ಸಾಕ್ಷಿಗಳು ಪ್ರತಿಕೂಲವಾಗಿ ನುಡಿದ ಮೇಲೆ 2013ರಲ್ಲಿ ವರುಣ್ ಗಾಂಧಿ ಖುಲಾಸೆಯಾದರು.

ಇನ್ನು ಅನುಮತಿ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 217ರ ಪ್ರಕಾರ ನ್ಯಾಯ ಸಂಹಿತೆಯ 196, 299ರ ಅಪರಾಧಗಳನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. 353(2)ಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟರೂ ಅನುಮತಿ ಕೊಡಬಹುದು, ಇದನ್ನು ಅನೇಕ ತನಿಖಾಧಿಕಾರಿಗಳು ಬಳಸುವುದೇ ಇಲ್ಲ. ಗಲಭೆ ಎಬ್ಬಿಸಲು ಕೆರಳಿಸಿದ್ದಕ್ಕೆ ಹಾಕುವ ನ್ಯಾಯ ಸಂಹಿತೆಯ ಕಲಂ 192ಕ್ಕೆ ಅನುಮತಿ ಬೇಡ, ಆದರೆ ಗಲಭೆ ನಡೆದರೂ ಗರಿಷ್ಠ ಶಿಕ್ಷೆ ಒಂದೇ ವರ್ಷ. ಅನುಮತಿ ಕೊಡುವವರು ಆರೋಪಿಯ ಪಕ್ಷದವರೇ ಆಗಿದ್ದಾಗ ಕಾನೂನು ನಿಜವಾಗಿ ಕುಂಟುತ್ತದೆ. ಗೋರಖ್‌ಪುರದ 2007ರ ಭಾಷಣದ ಪ್ರಕರಣದಲ್ಲಿ 2017ರಲ್ಲಿ ಉತ್ತರ ಪ್ರದೇಶ ಸರ್ಕಾರ ಅನುಮತಿ ನಿರಾಕರಿಸಿದಾಗ ಆರೋಪಿ ಯೋಗಿ ಆದಿತ್ಯನಾಥ್ ಮುಖ್ಯಮಂತ್ರಿಯಾಗಿದ್ದರು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ವಜಾಗೊಳಿಸಿ, ಅನುಮತಿಯ ಕಾನೂನು ಪ್ರಶ್ನೆಯನ್ನು ಮುಂದಿನ ಸೂಕ್ತ ಪ್ರಕರಣಕ್ಕೆ ಬಿಟ್ಟಿತು. ಅಲ್ಲೂ ಒಂದು ಸಿಡಿ ತಿದ್ದಿದ್ದು ಎಂಬ ಎಫ್‌ಎಸ್‌ಎಲ್ ವರದಿ ಇತ್ತು.

ಒಂದು ವರ್ಷಕ್ಕಿಂತ ಹೆಚ್ಚು, ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧವನ್ನು ನ್ಯಾಯಾಲಯ ಎತ್ತಿಕೊಳ್ಳಲು ಕಾಲಮಿತಿಯೂ ಮೂರು ವರ್ಷ. ಅನುಮತಿಗೆ ಅರ್ಜಿ ಹಾಕಿದ ದಿನದಿಂದ ಆದೇಶ ಕೈಸೇರುವವರೆಗಿನ ದಿನಗಳನ್ನು ಲೆಕ್ಕದಿಂದ ಕಳೆಯುತ್ತಾರೆ, ಹಾಗಾಗಿ ಆ ಎರಡೂ ದಿನಾಂಕ ಕಡತದಲ್ಲಿ ಸ್ಪಷ್ಟವಾಗಿರಬೇಕು.

ಚುನಾವಣಾ ಭಾಷಣವಾದರೆ ಬೇರೆಯೇ ದಾರಿ ಇದೆ. ಪ್ರಜಾಪ್ರತಿನಿಧಿ ಕಾಯ್ದೆಯ 123(3ಎ) ಪ್ರಕಾರ ಅಭ್ಯರ್ಥಿ ಮತಕ್ಕಾಗಿ ದ್ವೇಷ ಬಿತ್ತುವುದು ಭ್ರಷ್ಟ ಆಚರಣೆ; ಅದಕ್ಕೆ ಸರ್ಕಾರದ ಅನುಮತಿ ಬೇಡ. ಅಭ್ಯರ್ಥಿಯ ಸಮ್ಮತಿಯಿಂದ ಬೇರೆಯವರು ಮಾತನಾಡಿದರೂ ಅನ್ವಯಿಸುತ್ತದೆ. ಮುಂಬಯಿಯ ವಿಲೆ ಪಾರ್ಲೆಯ 1987ರ ಉಪಚುನಾವಣೆಯ ಭಾಷಣಗಳಿಗಾಗಿ ಗೆದ್ದ ಅಭ್ಯರ್ಥಿಯ ಆಯ್ಕೆ ರದ್ದಾಯಿತು, ಭಾಷಣ ಮಾಡಿದ ಬಾಳ್ ಠಾಕ್ರೆ ಮತದಾನದ ಹಕ್ಕನ್ನೂ ಆರು ವರ್ಷ ಕಳೆದುಕೊಂಡರು. ಆಯ್ಕೆಯನ್ನು ಪ್ರಶ್ನಿಸುವ ಅರ್ಜಿಯನ್ನು ಆ ಕ್ಷೇತ್ರದ ಯಾವುದೇ ಮತದಾರ ಹೈಕೋರ್ಟಿಗೆ ಹಾಕಬಹುದು. ಫಲಿತಾಂಶ ಘೋಷಣೆಯಾದ ದಿನದಿಂದ 45 ದಿನದೊಳಗೆ ಹಾಕಬೇಕು, ವಿಳಂಬವನ್ನು ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲ.