ಕಂಚಿಗೆ ಚಿನ್ನದ ಬಣ್ಣ ಬೇಡ ಸ್ವಾಮಿ

ಅಕ್ಟೋಬರ್ ಕೊನೆ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. 'ಸಾರ್, ರಾಜ್ಯೋತ್ಸವ ಬಂತು. ನಮ್ಮ ಸರ್ಕಲ್‌ನ ಪ್ರತಿಮೆ ಕಪ್ಪಾಗಿಬಿಟ್ಟಿದೆ. ಒಂದು ಕೋಟ್ ಗೋಲ್ಡ್ ಹೊಡೆಸಿಕೊಡಿ, ಮಂತ್ರಿಗಳು ಬರ್ತಾರೆ.' ಏಪ್ರಿಲ್‌ನಲ್ಲಿ ಅಂಬೇಡ್ಕರ್ ಜಯಂತಿಗೆ, ಜೂನ್‌ನಲ್ಲಿ ಕೆಂಪೇಗೌಡ ಜಯಂತಿಗೆ ಇದೇ ರಾಗ. ಬೆಂಗಳೂರಿನಲ್ಲಿ ಕಂಚಿನ ಪ್ರತಿಮೆಗಳನ್ನು ನಿಲ್ಲಿಸುವುದು, ನೋಡಿಕೊಳ್ಳುವುದು ನನ್ನ ಕೆಲಸ. ಇದಕ್ಕಿಂತ ಹೊಟ್ಟೆ ಉರಿಸುವ ಕೋರಿಕೆ ಇನ್ನೊಂದಿಲ್ಲ. ಹಾಗಂತ ಬೈಯಲೂ ಆಗುವುದಿಲ್ಲ. ಪ್ರೀತಿಯಿಂದಲೇ ಕೇಳುತ್ತಾರೆ, ಅದೇ ತೊಂದರೆ.

ಕಂಚಿನ ಮೇಲಿನ ಆ ಕಂದು, ಆ ಕಪ್ಪು ಕೊಳೆಯಲ್ಲ. ಅದನ್ನು ತರಿಸಿದ್ದು ನಾವೇ. ಎರಕ ಹೊಯ್ದು, ತುಂಡುಗಳನ್ನು ಬೆಸೆದು, ಉಜ್ಜಿ ನಯ ಮಾಡಿದಾಗ ಪ್ರತಿಮೆ ಪಳಪಳ ಹೊಳೆಯುತ್ತಿರುತ್ತದೆ. ಆಮೇಲೆ ಗ್ಯಾಸ್ ಟಾರ್ಚ್ ಹಿಡಿದು ಮೈಯೆಲ್ಲ ಬಿಸಿ ಮಾಡುತ್ತೇವೆ. ಬಿಸಿ ಲೋಹದ ಮೇಲೆ ಬ್ರಷ್‌ನಿಂದ ಫೆರಿಕ್ ನೈಟ್ರೇಟ್ ನೀರು ಹಚ್ಚಿದರೆ ಚುರ್ ಅಂತ ಆರಿ, ಕಂದು ಏಳುತ್ತದೆ. ಕಪ್ಪು ಬೇಕಾದರೆ ಗಂಧಕದ ದ್ರಾವಣ, ಹಸಿರು ಬೇಕಾದರೆ ತಾಮ್ರದ ನೈಟ್ರೇಟ್. ಬೆಚ್ಚಗಿರುವಾಗಲೇ ಮೇಲೊಂದು ಪದರ ಮೇಣ. ಇದನ್ನು ನಾವು ಪ್ಯಾಟಿನಾ ಅನ್ನುತ್ತೇವೆ. ಬಳಿದ ಬಣ್ಣ ಅಲ್ಲ ಇದು, ಲೋಹದ ಮೇಲ್ಮೈಯೇ ಬದಲಾಗಿರುವುದು. ಮಳೆ ಗಾಳಿ ತಾಗಿ ವರ್ಷಗಟ್ಟಲೆ ತಾನಾಗಿ ಕೂರುವ ಪದರವೂ ಬಹುಮಟ್ಟಿಗೆ ಕೆಳಗಿನ ಲೋಹವನ್ನು ಕಾಯುತ್ತದೆ. ನೀವು ಗಲೀಜು ಅಂತ ತೆಗೆಸಲು ಹೊರಟಿರುವುದು ಅದನ್ನೇ.

ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಗೂ ಇದೇ ಗತಿ ಬರುವುದರಲ್ಲಿತ್ತು. 1886ರಲ್ಲಿ ನಿಲ್ಲಿಸಿದಾಗ ಅದು ತಾಮ್ರದ ಬಣ್ಣದಲ್ಲೇ ಇತ್ತು. ಹಸಿರಾಗತೊಡಗಿದಾಗ ಅಲ್ಲಿಯೂ ಪೇಂಟ್ ಹೊಡೆಯುವ ಮಾತು ಬಂತು. ಕೊನೆಗೆ, ಆ ಹಸಿರೇ ತಾಮ್ರವನ್ನು ಕಾಪಾಡುತ್ತಿದೆ ಅಂತ ಹೊರಮೈಯನ್ನು ಹಾಗೇ ಬಿಟ್ಟರು. ತಗಡಿನ ದಪ್ಪ ಬರೀ 2.4 ಮಿಲಿಮೀಟರ್. ಇವತ್ತಿಗೂ ಗಟ್ಟಿಯಾಗಿದೆ. 1980ರ ದಶಕದಲ್ಲಿ ದೊಡ್ಡ ರಿಪೇರಿ ಬೇಕಾಯಿತು ನಿಜ, ಆದರೆ ಅದಕ್ಕೆ ದೊಡ್ಡ ಕಾರಣ ಒಳಗಿನ ಕಬ್ಬಿಣದ ಪಟ್ಟಿಗಳಿಗೆ ಹಿಡಿದ ತುಕ್ಕು.

ನಮ್ಮಲ್ಲೂ ಒಳಗಡೆ ನೋಡುವವರೇ ಇಲ್ಲ. ವಿಮಾನ ನಿಲ್ದಾಣದ ಬಳಿ 2022ರಲ್ಲಿ ನಿಂತ 108 ಅಡಿಯ ಕೆಂಪೇಗೌಡರಿಗೆ 98 ಟನ್ ಕಂಚು, 120 ಟನ್ ಉಕ್ಕು ಬಳಸಿದ್ದಾರೆ. ಕಾಣುವುದು ಕಂಚು, ಹೊರುವುದು ಉಕ್ಕು. ಸರ್ಕಲ್‌ನ ಸಣ್ಣ ಪ್ರತಿಮೆಗೂ ಒಳಗೆ ಒಂದಷ್ಟು ಕಬ್ಬಿಣ ಇರುತ್ತದೆ. ಅದಕ್ಕೇ ಪಾದದ ಹತ್ತಿರ ನೀರು ಹೋಗಲು ತೂತು ಬಿಟ್ಟಿರುತ್ತೇವೆ. ಪೀಠಕ್ಕೆ ಗ್ರಾನೈಟ್ ಕೂರಿಸುವವರು ಬಂದು ಅದಕ್ಕೆ ಸಿಮೆಂಟ್ ಮೆತ್ತಿ ಹೋಗುತ್ತಾರೆ. ನೀಟಾಗಿ ಕಾಣಲಿ ಅಂತ!

ನಮ್ಮವರಿಗೆ ಕಂಚು, ಹಿತ್ತಾಳೆ ಅಂದರೆ ಮೊದಲು ನೆನಪಾಗುವುದು ದೇವರ ಮನೆ. ದೀಪ ಕಪ್ಪಾದರೆ ಹುಣಸೆಹಣ್ಣು ಹಾಕಿ ತಿಕ್ಕಬೇಕು, ಅಲ್ವಾ? ಮನೆಯಲ್ಲಿ ಅದು ಸರಿ, ವಾರವಾರ ತಿಕ್ಕುವ ಕೈಗಳಿವೆ. ಬೀದಿಯಲ್ಲಿ ನಿಂತವರಿಗೆ ಯಾರಿದ್ದಾರೆ? ಒಂದು ಬಡಾವಣೆಯಲ್ಲಿ ಹೆಂಗಸರೆಲ್ಲ ಸೇರಿ ಹುಣಸೆಹುಳಿ ಹಾಕಿ, ಕೈಗೆ ಎಟುಕಿದಷ್ಟು ತಿಕ್ಕಿದ್ದರು. ಮಂಡಿವರೆಗೆ ಬಂಗಾರ, ಮೇಲೆಲ್ಲ ಕಂದು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಂಡಿಯ ಕೆಳಗೆಲ್ಲ ಮಚ್ಚೆ. 'ಗಲೀಜಾಗಿತ್ತು ಕಣಪ್ಪ, ಪಾಪ ಅಂತ ತೊಳೆದ್ವಿ' ಎಂದರು ಅಲ್ಲಿನ ಅಜ್ಜಿ. ಹೇಳಬೇಕೆಂದು ಹೋದ ನನಗೆ ಕಾಫಿ ಬೇರೆ ಕೊಟ್ಟರು.

ಪೇಂಟ್ ಇದಕ್ಕಿಂತ ಕೆಟ್ಟದ್ದು. ಮೊದಮೊದಲು ಜೋರಾಗಿ ಕಾಣುತ್ತದೆ. ಆಮೇಲೆ ಬಿಸಿಲಿಗೆ ಬಿರಿಯುತ್ತದೆ. ಬಿರುಕಿನಲ್ಲಿ ನೀರು ಒಳಗೆ ಇಳಿಯುತ್ತದೆ, ಬೇಗ ಆರುವುದಿಲ್ಲ. ಲೋಹ ಅಲ್ಲೇ ತಿನ್ನಿಸಿಕೊಳ್ಳುತ್ತದೆ, ಹೊರಗೆ ಮಾತ್ರ ಗೋಲ್ಡ್. ಮುಂದಿನ ವರ್ಷ ಅದರ ಮೇಲೆ ಇನ್ನೊಂದು ಕೋಟ್. ಒಂದು ಪ್ರತಿಮೆಯ ಕಿವಿಯ ಹಿಂದೆ ಬ್ಲೇಡಿನ ತುದಿಯಿಂದ ಚೂರು ಎಬ್ಬಿಸಿ ಭೂತಗನ್ನಡಿಯಲ್ಲಿ ನೋಡಿದೆ. ಚಿನ್ನ, ಬೆಳ್ಳಿ, ಚಾಕೊಲೇಟ್, ಮತ್ತೆ ಚಿನ್ನ, ಈರುಳ್ಳಿ ಸಿಪ್ಪೆ ಹಾಗೆ ಒಂದರ ಮೇಲೊಂದು. ಕಣ್ಣಿನ ರೆಪ್ಪೆ ಮುಚ್ಚಿಹೋಗಿತ್ತು. ಕನ್ನಡಕದ ಫ್ರೇಮು, ಕೆನ್ನೆ ಎರಡೂ ಒಂದಾಗಿದ್ದವು. ಶಿಲ್ಪಿ ಮಣ್ಣಿನಲ್ಲಿ ಕೂತು ತಿದ್ದಿ ತಿದ್ದಿ ತಂದ ರೆಪ್ಪೆ ಅದು. ಪೇಂಟ್ ರಿಮೂವರ್ ಹಚ್ಚಿ, ಮರದ ಕಡ್ಡಿಯಲ್ಲಿ ಇಂಚಿಂಚು ಎಬ್ಬಿಸಬೇಕು. ಬಳಿದ ಖರ್ಚಿಗಿಂತ ತೆಗೆಯುವ ಖರ್ಚು ಎಷ್ಟೋ ಪಾಲು ಜಾಸ್ತಿ.

'ಪಕ್ಕದ ಏರಿಯಾದವರು ಹೊಡೆಸಿದ್ದಾರಲ್ಲ?' ಅಂತ ಕೇಳುತ್ತೀರಿ. ಅದು ಫೈಬರ್ರೋ ಸಿಮೆಂಟೋ ಇರಬಹುದು. ಅವಕ್ಕೆ ಬಣ್ಣ ಬೇಕು. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ, ಕಂಚಿನ ಸದ್ದೇ ಬೇರೆ. ಇದು ಅಂದಾಜಷ್ಟೇ, ಅನುಮಾನ ಇದ್ದರೆ ಎರಕದವರನ್ನು ಕೇಳಿ. ಅಮೃತಶಿಲೆಯದು ಬೇರೆಯೇ ಕಥೆ. ಕಬ್ಬನ್ ಪಾರ್ಕಿನಲ್ಲಿ 1906ರಿಂದ ನಿಂತಿರುವ ವಿಕ್ಟೋರಿಯಾ ರಾಣಿಯಂಥ ಪ್ರತಿಮೆಗೆ ಬಾತ್‌ರೂಮಿನ ಆಸಿಡ್ ತಾಗಿದರೆ ಕಲ್ಲೇ ಕರಗುತ್ತದೆ.

ಹಾಗಾದರೆ ಮಾಡುವುದೇನು? ಜಾಸ್ತಿ ಏನಿಲ್ಲ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಒಳ್ಳೆಯ ನೀರು, ಚೂರೇ ಚೂರು ಸೌಮ್ಯ ಸೋಪು, ಮೆತ್ತನೆ ಬ್ರಷ್. ಗಡಸು ಬೋರ್‌ವೆಲ್ ನೀರು ಬೇಡ, ಬಿಳಿ ಕಲೆ ಉಳಿಯುತ್ತದೆ. ಪೂರ್ತಿ ಆರಿದ ಮೇಲೆ ತೆಳ್ಳಗೆ ಮೇಣ ಹಚ್ಚಿ ಬಟ್ಟೆಯಿಂದ ಉಜ್ಜಿಸಿ. ಕಂದು ಗಾಢವಾಗಿ, ಒಳಗಿನಿಂದ ಬಂದ ಹಾಗೆ ಮಿರುಗುತ್ತದೆ. ಯಾವ ಮಂತ್ರಿ ಬಂದರೂ ಸಾಕು. ಆದರೆ ತಿಳಿ ಹಸಿರು ಪುಡಿ ಬೆರಳಿಗೆ ಅಂಟುತ್ತಿದ್ದರೆ ಅದು ರೋಗದ ಲಕ್ಷಣ ಇರಬಹುದು. ಉಪ್ಪಿನ ಅಂಶ ಸೇರಿದರೆ ಹೀಗಾಗುತ್ತದೆ, ಕರಾವಳಿಯಲ್ಲಿ ಇನ್ನೂ ಎಚ್ಚರ ಬೇಕು. ಆಗ ನೀವೇ ಏನೂ ಮಾಡಬೇಡಿ, ತಿಳಿದವರನ್ನು ಕರೆಸಿ.

ಹಾರ ಹಾಕಿ, ಬೇಡ ಅನ್ನುವುದಿಲ್ಲ. ತಂತಿ ಬಿಗಿಯಬೇಡಿ, ಮಾರನೇ ದಿನ ತೆಗೆಸಿ. ಹಾಲು ಸುರಿದರೆ ಅವತ್ತೇ ತೊಳೆಸಿ. ಈಗಾಗಲೇ ಪೇಂಟ್ ಹೊಡೆಸಿಬಿಟ್ಟಿದ್ದರೆ ಕೆರೆಯಲು ಮಾತ್ರ ಹೋಗಬೇಡಿ. ಕೆಳಗೆ ಪ್ಯಾಟಿನಾ ಎಷ್ಟು ಉಳಿದಿದೆಯೋ ನೋಡಬೇಕು. ಫೋಟೋ ಕಳಿಸಿ ರೇಟ್ ಕೇಳಿದರೆ ನನ್ನಿಂದ ಹೇಳಲಾಗುವುದಿಲ್ಲ.