ವಿನ್‌ಮೋಡೆಮ್ ಎಂಬ ತಲೆನೋವು: ಲಿನಕ್ಸ್ ಲ್ಯಾಪ್‌ಟಾಪಿಗೆ ಡಯಲ್-ಅಪ್ ಯಾಕೆ ಒಲಿಯಲಿಲ್ಲ

2000ದ ಆಸುಪಾಸಿನಲ್ಲಿ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡವರ ಪಾಡು ಹೆಚ್ಚುಕಮ್ಮಿ ಒಂದೇ. ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಬಂದ ಸಿಡಿಯಿಂದ ಇನ್‌ಸ್ಟಾಲ್ ಆಗುತ್ತಿತ್ತು. ಸ್ವಲ್ಪ ಒದ್ದಾಡಿದರೆ ಸ್ಕ್ರೀನ್ ಸರಿಹೋಗುತ್ತಿತ್ತು, ಅದೃಷ್ಟ ನೆಟ್ಟಗಿದ್ದರೆ ಸೌಂಡೂ ಬರುತ್ತಿತ್ತು. ಫೋನ್ ಲೈನಿನಿಂದ ನೆಟ್‌ಗೆ ಸೇರಿಸುವ ಮೋಡೆಮ್ ಮಾತ್ರ ಜಪ್ಪಯ್ಯ ಅಂದರೂ ಮಿಸುಕುತ್ತಿರಲಿಲ್ಲ. ಫೋನಿನ ವೈರು ಚುಚ್ಚಿದೆ, ಲೈನು ಜೀವಂತ ಇದೆ, ವಿಂಡೋಸಿಗೆ ಬೂಟ್ ಮಾಡಿದರೆ ಅದೇ ಮೋಡೆಮ್ ಕಿರ್ರೆಂದು ಕಿರುಚಿ ನೆಟ್‌ಗೆ ಹೋಗಿ ಕೂರುತ್ತದೆ. ಲಿನಕ್ಸಿಗೆ ಬಂದರೆ ‘ಮೋಡೆಮ್ ನಾಟ್ ರೆಸ್ಪಾಂಡಿಂಗ್’. ನೋಡಿದವರೆಲ್ಲ ತಪ್ಪನ್ನು ಲಿನಕ್ಸಿನ ತಲೆಗೇ ಕಟ್ಟಿದರು. ಅದು ಅನ್ಯಾಯ ಎನ್ನುವುದಕ್ಕೆ ಸ್ವಲ್ಪ ಹಿಂದಿನಿಂದ ಕಥೆ ಹೇಳಬೇಕು.

ವಿಚಿತ್ರವೆಂದರೆ ಲಿನಕ್ಸ್ ಹುಟ್ಟಿದ್ದೇ ಮೋಡೆಮಿನ ನೆಪದಲ್ಲಿ. 1991ರಲ್ಲಿ ಲೀನಸ್ ತೊರ್ವಾಲ್ಡ್ಸ್ ತಮ್ಮ 386 ಪಿಸಿಯಲ್ಲಿ ಮೊದಲು ಬರೆದುಕೊಂಡದ್ದು ಒಂದು ಟರ್ಮಿನಲ್ ಎಮ್ಯುಲೇಟರ್. ಮನೆಯಿಂದ ಹೆಲ್ಸಿಂಕಿ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಡಯಲ್ ಮಾಡುವುದಕ್ಕೆ ಬೇಕಿದ್ದ ಪ್ರೋಗ್ರಾಂ ಅದು. ಅದೇ ಬೆಳೆಯುತ್ತಾ ಲಿನಕ್ಸಿನ ಕರ್ನೆಲ್, ಅಂದರೆ ಯಂತ್ರವನ್ನು ನಡೆಸುವ ತಿರುಳಿನ ಪ್ರೋಗ್ರಾಂ ಆಯಿತು. ಒಂದು ದಿನ ಮೋಡೆಮಿಗೆ ಕೊಡಬೇಕಾಗಿದ್ದ ಡಯಲ್ ಆದೇಶವನ್ನು ತಪ್ಪಿ ಹಾರ್ಡ್ ಡಿಸ್ಕಿಗೆ ಕೊಟ್ಟು, ಅದರಲ್ಲಿದ್ದ ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮನ್ನು ಕೆಡಿಸಿಕೊಂಡದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಲಿನಕ್ಸ್ ಅನುಸರಿಸುವ ಯುನಿಕ್ಸ್ ಮಾದರಿಯಲ್ಲಿ ಡಿಸ್ಕೂ ಫೈಲೇ, ಮೋಡೆಮೂ ಫೈಲೇ. ಹೆಸರು ತಪ್ಪಿದರೆ ಹಾಗಾಗುತ್ತದೆ.

ಆ ಕಾಲದ ಮೋಡೆಮಿನ ಜೊತೆ ಮಾತಾಡುವುದು ಅಷ್ಟು ಸಲೀಸಾಗಿದ್ದಕ್ಕೆ ಕಾರಣ 1981ರಲ್ಲಿ ಬಂದ ಹೇಯ್ಸ್ ಸ್ಮಾರ್ಟ್‌ಮೋಡೆಮ್. ಸೆಕೆಂಡಿಗೆ 300 ಬಿಟ್ ವೇಗದ ಪೆಟ್ಟಿಗೆ ಅದು. ಆದರೆ ಒಳಗೆ ಅದರದ್ದೇ ಆದ ಪುಟ್ಟ ಪ್ರೊಸೆಸರ್ ಇತ್ತು. ಕಂಪ್ಯೂಟರು ಸೀರಿಯಲ್ ಪೋರ್ಟಿನ ಮೂಲಕ ‘ಎಟಿ’ ಎಂದು ಶುರುವಾಗುವ ಸಾಲೊಂದನ್ನು ಕಳಿಸಿದರೆ ಸಾಕು. ‘ಎಟಿಡಿಟಿ’ ಬರೆದು ಮುಂದೆ ನಂಬರ್ ಕೊಟ್ಟರೆ ಡಯಲ್ ಮಾಡುತ್ತದೆ, ‘ಎಟಿಎಚ್’ ಅಂದರೆ ಫೋನ್ ಇಡುತ್ತದೆ. ಉಳಿದ ಕಂಪನಿಗಳೂ ಇದೇ ಭಾಷೆ ಹಿಡಿದವು. ಸೀರಿಯಲ್ ಪೋರ್ಟಿಗೆ ಅಕ್ಷರ ಕಳಿಸಲು ಬರುವ ಯಾವ ಆಪರೇಟಿಂಗ್ ಸಿಸ್ಟಮ್ಮಿಗೂ ಬೇರೆ ಡ್ರೈವರ್, ಅಂದರೆ ಸಾಧನವನ್ನು ನಡೆಸುವ ಪ್ರೋಗ್ರಾಂ ಬೇಕಿರಲಿಲ್ಲ. ಮೊದಲ ಸೀರಿಯಲ್ ಪೋರ್ಟಿಗೆ ವಿಂಡೋಸಿನಲ್ಲಿ ಕಾಮ್1 ಎಂದು ಹೆಸರು, ಲಿನಕ್ಸಿನಲ್ಲಿ ಟಿಟಿವೈಎಸ್0, ಅಷ್ಟೇ.

ಕೆಟ್ಟದ್ದು ತೊಂಬತ್ತರ ದಶಕದ ನಡುವೆ. 1994ರ ವಿ.34 ಮಾನದಂಡ ವೇಗವನ್ನು 28.8 ಕಿಲೋಬಿಟ್‌ಗೆ ಒಯ್ದಿತು, 1998ರ ವಿ.90 ಅದನ್ನು 56ಕ್ಕೆ ಏರಿಸಿತು. ಟೆಲಿಫೋನ್ ತಂತಿಯ ಕರಕರ ಸದ್ದಿನ ನಡುವೆ ಇಷ್ಟು ಬಿಟ್ಟುಗಳನ್ನು ಹೆಕ್ಕಬೇಕಾದರೆ ಮೋಡೆಮಿನಲ್ಲಿ ಒಳ್ಳೆಯ ಸಿಗ್ನಲ್ ಪ್ರೊಸೆಸರ್, ಕಂಟ್ರೋಲರ್, ಮೆಮೊರಿ ಎಲ್ಲ ಬೇಕು. ಎಲ್ಲಕ್ಕೂ ದುಡ್ಡು. ಅದೇ ಹೊತ್ತಿಗೆ ಪೆಂಟಿಯಂ ಬಂದಿತ್ತು, ಪಿಸಿಗಳ ಬೆಲೆ ಇಳಿಸುವ ಪೈಪೋಟಿಯೂ ಶುರುವಾಗಿತ್ತು. ಅಷ್ಟು ಬಲವಾದ ಸಿಪಿಯು ಸುಮ್ಮನೆ ಕೂತಿರುವಾಗ ಮೋಡೆಮಿಗೆ ಇನ್ನೊಂದು ಪ್ರೊಸೆಸರ್ ಯಾಕೆ ಎಂದು ಚಿಪ್ ಕಂಪನಿಗಳು ಲೆಕ್ಕ ಹಾಕಿದವು. ಫೋನ್ ಲೈನಿಗೆ ಅಂಟಿಕೊಳ್ಳುವ ಒಂದಿಷ್ಟು ಸರ್ಕ್ಯೂಟ್ ಮಾತ್ರ ಬೋರ್ಡಿನಲ್ಲಿ ಉಳಿಯಿತು, ಮಿಕ್ಕಿದ್ದೆಲ್ಲ ವಿಂಡೋಸ್ ಡ್ರೈವರಿಗೆ ಹೋಯಿತು. ಮದುವೆಮನೆಗೆ ಕೊಪ್ಪರಿಗೆ ಕಳಿಸಿ ಅಡುಗೆಭಟ್ಟರನ್ನು ಕಳಿಸದ ಹಾಗೆ.

‘ವಿನ್‌ಮೋಡೆಮ್’ ಎನ್ನುವುದು ಯುಎಸ್ ರೋಬೋಟಿಕ್ಸ್ ಕಂಪನಿಯ ಟ್ರೇಡ್‌ಮಾರ್ಕು. ಆಮೇಲೆ ಈ ಇಡೀ ಜಾತಿಗೇ ಅದು ಬೈಗುಳದಂತೆ ಅಂಟಿತು. ಇದರಲ್ಲೂ ಎರಡು ಪಂಗಡ. ಕೆಲವು ಕಂಟ್ರೋಲರ್ ಮಾತ್ರ ಇಲ್ಲದವು, ಸಿಗ್ನಲ್ ಕೆಲಸವನ್ನು ಚಿಪ್ಪೇ ಮಾಡುತ್ತಿತ್ತು. ಲ್ಯೂಸೆಂಟಿನ ಬಹಳಷ್ಟು ಚಿಪ್ಪುಗಳು ಹೀಗಿದ್ದವು. ಇನ್ನು ಕೆಲವು ಏನೂ ಇಲ್ಲದವು, ಅವುಗಳಿಗೆ ಸಿಗ್ನಲ್ ಗಣಿತವನ್ನೂ ಸಿಪಿಯುವೇ ಮಾಡಿಕೊಡಬೇಕು. ಪಿಸಿಟೆಲ್, ಸ್ಮಾರ್ಟ್ ಲಿಂಕ್, ಕೊನೆಕ್ಸಂಟಿನ ಎಚ್‌ಎಸ್‌ಎಫ್ ಇವೆಲ್ಲ ಈ ಎರಡನೇ ಪಂಗಡ. ಇಲ್ಲಿ ಸೆಕೆಂಡಿಗೆ ಸಾವಿರಾರು ಸ್ಯಾಂಪಲ್‌ಗಳನ್ನು ಒಂದೂ ಬಿಡದೆ ಹೊತ್ತಿಗೆ ಸರಿಯಾಗಿ ಒದಗಿಸಬೇಕು. ಹಾರ್ಡ್ ಡಿಸ್ಕ್ ಸ್ವಲ್ಪ ಜೋರಾಗಿ ಓಡಿ ಸಿಪಿಯು ಕೆಲವು ಮಿಲಿಸೆಕೆಂಡ್ ಆಚೀಚೆ ನೋಡಿದರೂ ಕನೆಕ್ಷನ್ ಪಟ್ಟನೆ ಕಡಿದುಹೋಗುತ್ತಿತ್ತು.

ಡೆಸ್ಕ್‌ಟಾಪಿನವರಿಗೆ ದಾರಿಯಿತ್ತು. ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ಹೊರಗಿಡುವ ಸೀರಿಯಲ್ ಮೋಡೆಮ್ ತಂದುಕೊಂಡರೆ ಮುಗಿಯಿತು. ಲ್ಯಾಪ್‌ಟಾಪಿನವರಿಗೆ ಆ ಆಯ್ಕೆ ಇರಲಿಲ್ಲ ಎಂದಲ್ಲ, ಆದರೆ ಕೈಯಲ್ಲಿ ಹಿಡಿದು ಓಡಾಡಲೆಂದು ಕೊಂಡ ಯಂತ್ರದ ಜೊತೆ ಇನ್ನೊಂದು ಪೆಟ್ಟಿಗೆ, ಅದರ ಅಡಾಪ್ಟರು, ಕೇಬಲ್ ಹೊತ್ತು ತಿರುಗುವವರು ಯಾರು? ಕಾರ್ಡ್ ಸ್ಲಾಟಿಗೆ ಹಾಕುವ ಅಸಲಿ ಮೋಡೆಮ್‌ಗಳಿದ್ದವು, ಬೆಲೆ ಕೇಳಿದರೆ ಬೇಡ ಅನ್ನಿಸುತ್ತಿತ್ತು. ಲ್ಯಾಪ್‌ಟಾಪಿನ ಒಳಗೆ ಎಂಡಿಸಿ ಎಂಬ ಬೆರಳಗಲದ ಮೋಡೆಮ್ ಕಾರ್ಡೊಂದು ಸ್ಕ್ರೂ ಹಾಕಿ ಕೂತಿರುತ್ತಿತ್ತು. ಅದರ ಮೇಲೆ ಯಾರ ಚಿಪ್ ಇದೆ ಎಂದು ಲ್ಯಾಪ್‌ಟಾಪಿನ ಡಬ್ಬಿಯ ಮೇಲೆ ಬರೆದಿರುತ್ತಿರಲಿಲ್ಲ. ‘56ಕೆ ಮೋಡೆಮ್’ ಎಂದಷ್ಟೇ. ಒಳಗಿರುವುದು ಯಾವ ಜಾತಿಯದು ಎಂದು ಪತ್ತೆ ಹಚ್ಚಲೆಂದೇ ‘ಸ್ಕ್ಯಾನ್‌ಮೋಡೆಮ್’ ಎಂಬ ಸ್ಕ್ರಿಪ್ಟ್ ಬರೆಯಬೇಕಾಯಿತು ಅಂದರೆ ಗೊಂದಲ ಎಷ್ಟಿತ್ತು ಊಹಿಸಿ.

ಕಂಪನಿಗಳು ಚಿಪ್ಪಿನ ವಿವರ ಕೊಟ್ಟಿದ್ದರೆ ಡ್ರೈವರ್ ಬರೆಯುವ ಕೈಗಳಿಗೆ ಬರವಿರಲಿಲ್ಲ. ಕೊಡಲಿಲ್ಲ. ಮೋಡೆಮಿನ ಗುಟ್ಟೆಲ್ಲ ಈಗ ಸಾಫ್ಟ್‌ವೇರಿನಲ್ಲೇ ಇದ್ದದ್ದರಿಂದ ಅದನ್ನು ಬಿಚ್ಚಿಟ್ಟರೆ ವ್ಯಾಪಾರವೇ ಬಿಚ್ಚಿಟ್ಟ ಹಾಗೆ. ವೇಗದ ಮಾನದಂಡಗಳ ಮೇಲೆ ಪೇಟೆಂಟುಗಳೂ ಇದ್ದವು. ಇದರಲ್ಲಿ ಐಬಿಎಂ ಒಂದು ಅಪವಾದ. ಥಿಂಕ್‌ಪ್ಯಾಡ್ 600 ಮುಂತಾದ ತನ್ನ ಲ್ಯಾಪ್‌ಟಾಪುಗಳಲ್ಲಿ ಮೋಡೆಮನ್ನು ನಡೆಸುತ್ತಿದ್ದ ಎಂವೇವ್ ಎಂಬ ಸಿಗ್ನಲ್ ಪ್ರೊಸೆಸರಿಗೆ ಅದು ಜಿಪಿಎಲ್ (ಕೋಡನ್ನು ತೆರೆದಿಡುವ, ಲಿನಕ್ಸಿನದೇ ಆದ ಮುಕ್ತ ಲೈಸೆನ್ಸ್) ಅಡಿಯಲ್ಲಿ ಡ್ರೈವರ್ ಕೊಟ್ಟಿತು, ಅದು ಕರ್ನೆಲಿನೊಳಗೇ ಸೇರಿತು.

ಫ್ರಾನ್ಸಿನ ಫಾಬ್ರೀಸ್ ಬೆಲ್ಲಾರ್ 1999ರ ಸುಮಾರಿಗೆ ‘ಲಿನ್‌ಮೋಡೆಮ್’ ಎಂದು ಮೋಡೆಮಿನ ಸಿಗ್ನಲ್ ಕೆಲಸವನ್ನೆಲ್ಲ ಮುಕ್ತ ಕೋಡಿನಲ್ಲಿ ಬರೆಯಲು ಹೊರಟರು. ವೇಗದ ಮಾನದಂಡಗಳ ಮಟ್ಟಿಗೆ ಅದು ದಿನಬಳಕೆಗೆ ಬರುವಷ್ಟು ಪೂರ್ತಿಯಾಗಲಿಲ್ಲ. ಮುಂದೆ ವಿಡಿಯೋ ಪರಿವರ್ತಿಸುವ ಎಫ್‌ಎಫ್‌ಎಂಪೆಗ್, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ಕ್ಯೂಎಮು ಕೊಟ್ಟ ಅದೇ ಬೆಲ್ಲಾರ್. ಅಂಥವರ ಕೈಯಲ್ಲೂ ಅರ್ಧಕ್ಕೆ ನಿಂತಿತು ಎಂಬುದರಿಂದಲೇ ಈ ಕೆಲಸ ಎಷ್ಟು ಜಿಗುಟು ಎಂದು ತಿಳಿಯುತ್ತದೆ.

ಬಳಕೆದಾರರ ಪಾಲಿಗೆ ಉಳಿದದ್ದು ಅರ್ಧ ಮುಚ್ಚಿದ ಡ್ರೈವರುಗಳು. ಲ್ಯೂಸೆಂಟಿನ ಚಿಪ್ಪಿಗೆ ‘ಎಲ್‌ಟಿಮೋಡೆಮ್’ ಇತ್ತು. ಮುಖ್ಯ ಭಾಗ ಮನುಷ್ಯರಿಗೆ ಓದಲಾಗದಂತೆ ಕಂಪೈಲ್ ಆದ ಬೈನರಿ, ಅದನ್ನು ಕರ್ನೆಲಿಗೆ ಹೊಂದಿಸುವ ತೆಳು ಪದರ ಮಾತ್ರ ತೆರೆದ ಕೋಡ್. ಆ ಪದರವನ್ನು ನಿಮ್ಮ ಕರ್ನೆಲಿಗೆ ತಕ್ಕಂತೆ ನೀವೇ ಕಂಪೈಲ್ ಮಾಡಿಕೊಳ್ಳಬೇಕು. ಕರ್ನೆಲ್ ಹೆಡರುಗಳು ಬೇಕು, ಅವು ಓಡುತ್ತಿರುವ ಕರ್ನೆಲಿನವೇ ಆಗಿರಬೇಕು, ಕಂಪೈಲ್ ಮಾಡುವ ಜಿಸಿಸಿಯ ಆವೃತ್ತಿಯೂ ತಾಳೆಯಾಗಬೇಕು. ಇದೆಲ್ಲ ಸಿಡಿಯಲ್ಲಿ ಇಲ್ಲದಿದ್ದರೆ ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಇಂಟರ್‌ನೆಟ್ ಬೇಕಾದರೆ ಮೋಡೆಮ್ ಬೇಕು! ಸೈಬರ್ ಕೆಫೆಗೆ ಹೋಗಿ ಫ್ಲಾಪಿಗೆ ಹಾಕಿಕೊಂಡು ಬರುವುದು, ಮನೆಗೆ ಬಂದು ನೋಡಿದರೆ ಇನ್ನೊಂದೇನೋ ಫೈಲು ಇಲ್ಲ ಎನ್ನುವುದು. ಎಲ್ಲ ಸರಿಹೋಗಿ ಡಯಲ್ ಟೋನ್ ಕೇಳಿದ ಮೇಲೆ ಕರ್ನೆಲ್ ಅಪ್‌ಡೇಟ್ ಮಾಡಿದಿರೋ, ಮತ್ತೆ ಮೊದಲಿನಿಂದ.

ಇಸ್ರೇಲಿನ ಸ್ಮಾರ್ಟ್ ಲಿಂಕ್‌ನದು ಇದ್ದುದರಲ್ಲಿ ಒಳ್ಳೆಯ ವ್ಯವಸ್ಥೆ. ಸಿಗ್ನಲ್ ಗಣಿತ ಮಾಡುವ ಮುಚ್ಚಿದ ಬೈನರಿಯನ್ನು ಅವರು ಕರ್ನೆಲಿನಿಂದ ಆಚೆ ತಂದು ‘ಎಸ್‌ಎಲ್‌ಮೋಡೆಮ್‌ಡಿ’ ಎಂಬ ಸಾಮಾನ್ಯ ಪ್ರೋಗ್ರಾಮಿನಲ್ಲಿ ಇಟ್ಟರು. ಹೊಸ ಲ್ಯಾಪ್‌ಟಾಪುಗಳಲ್ಲಿ ಮೋಡೆಮ್ ಎಂದರೆ ಸೌಂಡ್ ಚಿಪ್ಪಿನ ಮಗ್ಗುಲಲ್ಲಿ ಕೂತ ಇನ್ನೊಂದು ಆಡಿಯೋ ಚಾನೆಲ್ ಅಷ್ಟೇ ಆಗಿತ್ತು. ಹಾಗಾಗಿ ಲಿನಕ್ಸಿನ ಆಡಿಯೋ ವ್ಯವಸ್ಥೆಯಾದ ಆಲ್ಸಾದಲ್ಲೇ ಇದಕ್ಕೆ ಮುಕ್ತ ಡ್ರೈವರ್ ಬಂತು. ಆಲ್ಸಾ ಸದ್ದು ಒದಗಿಸುತ್ತದೆ, ಎಸ್‌ಎಲ್‌ಮೋಡೆಮ್‌ಡಿ ಅದನ್ನು ಬಿಟ್ಟುಗಳಾಗಿ ಮಾಡಿ ಟಿಟಿವೈಎಸ್‌ಎಲ್0 ಎಂಬ ಹುಸಿ ಸೀರಿಯಲ್ ಪೋರ್ಟಿನಲ್ಲಿ ಕೊಡುತ್ತದೆ. ಕರ್ನೆಲ್ ಬದಲಾದರೂ ತಲೆಬಿಸಿ ಇಲ್ಲ.

ಕೊನೆಕ್ಸಂಟ್ ಚಿಪ್ಪಿನವರ ಹಣೆಬರಹ ಬೇರೆ. ಅವರಿಗೆ ಕೆನಡಾದ ಲಿನಕ್ಸಂಟ್ ಕಂಪನಿಯೇ ಗತಿ. ಅದರ ಡ್ರೈವರ್ ಪುಕ್ಕಟೆ ಸಿಕ್ಕರೆ ವೇಗ 14.4 ಕಿಲೋಬಿಟ್, ಫ್ಯಾಕ್ಸ್ ಇಲ್ಲ. ಪೂರ್ತಿ 56 ಬೇಕಾದರೆ ದುಡ್ಡು ಕೊಟ್ಟು ಲೈಸೆನ್ಸ್ ಕೊಳ್ಳಬೇಕು. ಲ್ಯಾಪ್‌ಟಾಪಿನ ಬೆಲೆಯಲ್ಲೇ ಮೋಡೆಮಿಗೆ ಕೊಟ್ಟಿದ್ದವರಿಗೆ ಇದು ಉರಿದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಬಿಟ್ಟಿ ಕೆಲಸ ಮಾಡಿ ಅನ್ನುವುದಕ್ಕೂ ಆಗುವುದಿಲ್ಲ, ಬೇರೆ ಯಾರೂ ಆ ಡ್ರೈವರ್ ಕೊಡುತ್ತಿರಲಿಲ್ಲವಲ್ಲ.

ಇದೇ ಲಿನಕ್ಸಂಟ್ 2004ರ ಏಪ್ರಿಲ್‌ನಲ್ಲಿ ದೊಡ್ಡ ರಗಳೆಗೆ ಸಿಕ್ಕಿಕೊಂಡಿತು. ಆ ಪ್ರಸಂಗವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕರ್ನೆಲಿಗೆ ಸೇರುವ ಪ್ರತಿ ಮಾಡ್ಯೂಲ್ (ಡ್ರೈವರಿನಂಥ ಕೋಡಿನ ತುಂಡು) ತನ್ನ ಲೈಸೆನ್ಸ್ ಯಾವುದೆಂದು ಒಂದು ಸಾಲಿನಲ್ಲಿ ಹೇಳಬೇಕು. ಜಿಪಿಎಲ್ ಅಲ್ಲದ್ದು ಬಂದರೆ ಕರ್ನೆಲ್ ತನ್ನನ್ನು ‘ಟೇಂಟೆಡ್’ ಎಂದು, ಅಂದರೆ ಮೈಲಿಗೆಯಾಯಿತು ಎಂದು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಕ್ರ್ಯಾಶ್ ಆದರೆ ಕರ್ನೆಲ್ ಡೆವಲಪರುಗಳು ಆ ದೂರನ್ನು ಕೈಗೆತ್ತಿಕೊಳ್ಳುವುದಿಲ್ಲ, ಒಳಗೇನಿದೆ ಎಂದು ಅವರಿಗೆ ಕಾಣದಲ್ಲ. ಲಿನಕ್ಸಂಟ್ ತನ್ನ ಮಾಡ್ಯೂಲಿನಲ್ಲಿ ‘ಜಿಪಿಎಲ್’ ಎಂದು ಬರೆದು, ತಕ್ಷಣ ಒಂದು ಸೊನ್ನೆ ಬೈಟ್ ಇಟ್ಟು, ಅದರಾಚೆಗೆ ‘ಜಿಪಿಎಲ್ ಫೋಲ್ಡರಿನ ಫೈಲುಗಳಿಗೆ, ಉಳಿದವಕ್ಕೆ ಲೈಸೆನ್ಸ್ ಫೈಲ್ ಮಾತ್ರ ಅನ್ವಯ’ ಎಂಬರ್ಥದ ಮಾತು ಸೇರಿಸಿತ್ತು. ಸಿ ಭಾಷೆಯಲ್ಲಿ ಸೊನ್ನೆ ಬೈಟ್ ಬಂದರೆ ವಾಕ್ಯ ಮುಗಿದ ಹಾಗೆ. ಮನುಷ್ಯರು ಕೋಡ್ ಓದಿದರೆ ಪೂರ್ತಿ ಕಾಣುತ್ತದೆ, ಕರ್ನೆಲ್ ಓದುವುದು ‘ಜಿಪಿಎಲ್’ ಎಂದಷ್ಟೇ. ಮೈಲಿಗೆ ಗುರುತೇ ಬೀಳುವುದಿಲ್ಲ.

ಕರ್ನೆಲ್ ಡೆವಲಪರುಗಳಲ್ಲಿ ಒಬ್ಬರು ಇದನ್ನು ಹಿಡಿದು ಬಯಲಿಗಿಟ್ಟಾಗ ಕೋಲಾಹಲವಾಯಿತು. ಒಂದು ಮೋಡೆಮಿಗೆ ಹಲವು ಮಾಡ್ಯೂಲ್ ಲೋಡ್ ಆಗುತ್ತವೆ, ಪ್ರತಿಯೊಂದಕ್ಕೂ ಎಚ್ಚರಿಕೆ ಬಂದು ಗ್ರಾಹಕರು ಗಾಬರಿಯಾಗುತ್ತಾರೆ, ಅದಕ್ಕೇ ಹೀಗೆ ಮಾಡಿದೆವು ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ತೊಂದರೆ ನಿಜವಿರಬಹುದು. ಆದರೆ ಉಪಾಯ ಕಳ್ಳದಾರಿಯದು. ಅದೇ ಕಂಪನಿಯ ವೈಫೈ ಡ್ರೈವರಾದ ‘ಡ್ರೈವರ್‌ಲೋಡರ್’ ಹೆಸರು ಕಂಡರೆ ಲೈಸೆನ್ಸ್ ಏನೇ ಹೇಳಲಿ ಮೈಲಿಗೆ ಗುರುತು ಹಾಕು ಎಂಬ ಸಾಲು ಕರ್ನೆಲಿನಲ್ಲಿ ಬಂತು. ಜಿಪಿಎಲ್ ಎಂದು ಸುಳ್ಳು ಹೇಳಿ ಸಿಕ್ಕಿಬಿದ್ದದ್ದು ಎಂಬ ಟಿಪ್ಪಣಿಯೂ ಅದರ ಪಕ್ಕದಲ್ಲಿ ಉಳಿಯಿತು.

ನಮ್ಮ ದೇಶದಲ್ಲಿ ಡ್ರೈವರ್ ಕೂತ ಮೇಲೂ ಕಥೆ ಮುಗಿಯುತ್ತಿರಲಿಲ್ಲ. 1995ರ ಆಗಸ್ಟ್ 15ರಂದು ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಇಂಟರ್‌ನೆಟ್ ಸೇವೆ ಶುರು ಮಾಡಿತು. ಆಗ ಶೆಲ್ ಖಾತೆ ತೆಗೆದುಕೊಂಡವರಿಗೆ ಬರೀ ಅಕ್ಷರದ ಪರದೆ, ಚಿತ್ರ ಇಲ್ಲ. ಮುಂದೆ 1998ರಲ್ಲಿ ಖಾಸಗಿಯವರಿಗೂ ಬಾಗಿಲು ತೆರೆಯಿತು. ಮನೆಮನೆಯಲ್ಲಿ 172ರಿಂದ ಶುರುವಾಗುವ ನಂಬರುಗಳು ಬಾಯಿಪಾಠವಾದವು. ಲಿನಕ್ಸಿನಲ್ಲಿ ಡಯಲ್ ಮಾಡಲು ಕೆಪಿಪಿಪಿ ಅಥವಾ ವಿವಿಡಯಲ್ ಎಂಬ ಪ್ರೋಗ್ರಾಂ. ಮೋಡೆಮ್ ಎದ್ದು ನಿಂತು ‘ಓಕೆ’ ಅನ್ನುತ್ತದೆ, ಡಯಲ್ ಮಾಡು ಅಂದರೆ ‘ನೋ ಡಯಲ್‌ಟೋನ್’. ಫೋನ್ ಎತ್ತಿ ಕಿವಿಗಿಟ್ಟರೆ ಟೋನ್ ಢಾಳಾಗಿ ಕೇಳುತ್ತಿದೆ! ಕಾರಣ ಇಷ್ಟೇ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸಿನ ಜೋಡಿ ಸ್ವರ. ನಮ್ಮದು 400 ಹರ್ಟ್ಸಿನ ಸ್ವರವನ್ನು 25 ಹರ್ಟ್ಸಿನಲ್ಲಿ ನಡುಗಿಸಿದ್ದು. ಅಮೆರಿಕಕ್ಕೆ ಹೊಂದಿಸಿದ ಮೋಡೆಮಿಗೆ ಅದು ಟೋನ್ ಎಂದೇ ಅನ್ನಿಸದಿರಬಹುದು. ವಿವಿಡಯಲ್ಲಿನ ಕಾನ್ಫಿಗ್ ಫೈಲಿನಲ್ಲಿ, ಮೋಡೆಮಿಗೆ ಮೊದಲು ಕಳಿಸುವ ಇನಿಟ್ ಸಾಲಿಗೆ ‘ಎಟಿಎಕ್ಸ್3’ ಸೇರಿಸಿದರೆ ಟೋನಿಗೆ ಕಾಯದೆ ಡಯಲ್ ಮಾಡುತ್ತಿತ್ತು. ಸಂಪರ್ಕ ಸಿಕ್ಕಿಯೂ ಲಾಗಿನ್ ಹತ್ತಿರ ತೊಡರಿದರೆ ‘ಸ್ಟುಪಿಡ್ ಮೋಡ್ = ಯೆಸ್’. ಆಚೆ ಕಡೆಯ ಸರ್ವರ್ ಏನು ಕೇಳುತ್ತಿದೆ ಎಂದು ಬುದ್ಧಿ ಓಡಿಸದೆ ನೇರ ಪಿಪಿಪಿ (ಡಯಲ್-ಅಪ್‌ನಲ್ಲಿ ಇಂಟರ್‌ನೆಟ್ ಸಾಗಿಸುವ ವಿಧಾನ) ಶುರು ಮಾಡು ಎಂದರ್ಥ. ಸೆಟ್ಟಿಂಗಿಗೆ ಇಂಥ ಹೆಸರಿಟ್ಟವರ ಹಾಸ್ಯಪ್ರಜ್ಞೆ ಮೆಚ್ಚಬೇಕು, ಅರ್ಧರಾತ್ರಿಯಲ್ಲಿ ಅದನ್ನು ಟೈಪ್ ಮಾಡುವವನಿಗೆ ಅದು ತನಗೇ ಹೇಳಿದ್ದೇನೋ ಅನ್ನಿಸುತ್ತಿತ್ತು.

ಬೆಂಗಳೂರಿನಲ್ಲಿ 2001ರಲ್ಲಿ ಬೆಳಕು ಕಂಡ, ಅಗ್ಗದ ಕೈಗಣಕವಾದ ಸಿಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮೂ ಲಿನಕ್ಸೇ, ಫೋನ್ ಲೈನಿಗೆ ಸೇರಿಸಲು ಮೋಡೆಮ್ ಕೂಡ ಅದರ ವಿನ್ಯಾಸದಲ್ಲಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಕಂಪನಿಯ ಎಂಜಿನಿಯರುಗಳೂ ಸೇರಿ ರೂಪಿಸಿದ್ದು ಅದು. ಯಂತ್ರವನ್ನೂ ಸಾಫ್ಟ್‌ವೇರನ್ನೂ ಒಂದೇ ತಂಡ ಕೂತು ಮಾಡಿದರೆ ಇಂಥ ಜಗಳವೇ ಏಳುವುದಿಲ್ಲ.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಬ್ರಾಡ್‌ಬ್ಯಾಂಡ್ ತಂದ ಮೇಲೆ ಪಟ್ಟಣಗಳಲ್ಲಿ ಈ ಗೋಳು ಕರಗತೊಡಗಿತು. ಬ್ರಾಡ್‌ಬ್ಯಾಂಡ್ ಮೋಡೆಮಿನ ಈಥರ್‌ನೆಟ್ ಕೇಬಲ್ ಚುಚ್ಚಿದರೆ ಲಿನಕ್ಸಿಗೆ ಅದು ನೆಟ್‌ವರ್ಕ್ ಕಾರ್ಡ್, ಆ ವಿದ್ಯೆ ಅದಕ್ಕೆ ಮೊದಲೇ ಗೊತ್ತು. ವಿವಿಡಯಲ್ ಮಾತ್ರ ಅಷ್ಟಕ್ಕೇ ಸಾಯಲಿಲ್ಲ. ಮೊಬೈಲ್ ಜಾಲದಿಂದ ನೆಟ್ ಕೊಡುವ ಸಿಡಿಎಂಎ ಡೇಟಾಕಾರ್ಡುಗಳು ಬಂದಾಗ ಅವು ಯುಎಸ್‌ಬಿಯಲ್ಲಿ ಕೂತ ಅಪ್ಪಟ ಎಟಿ ಮೋಡೆಮ್‌ಗಳಾಗಿದ್ದವು. ನಂಬರಿನ ಜಾಗದಲ್ಲಿ #777 ಎಂದು ಹಾಕಿದರೆ ಸಾಕಿತ್ತು. ಆಮೇಲಿನ 3ಜಿ ಡಾಂಗಲ್‌ಗಳದು ಹೊಸ ಆಟ: ಚುಚ್ಚಿದರೆ ಮೊದಲು ತಾನು ಸಿಡಿ ಡ್ರೈವ್ ಎಂದು ನಟಿಸಿ ವಿಂಡೋಸ್ ಡ್ರೈವರ್ ಕೊಡಲು ಬರುವುದು. ಅದನ್ನು ಸಿಡಿ ವೇಷ ಕಳಚಿಸಿ ಮೋಡೆಮ್ ಮಾಡಲು ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬ ಉಪಕರಣ ಬೇಕಾಯಿತು. ಒಳಗೆ ಮಾತ್ರ 1981ರ ಅದೇ ಎಟಿ ಭಾಷೆ.

ಸ್ಮಾರ್ಟ್ ಲಿಂಕಿನ ಹಳೆಯ ಎಸ್‌ಎಲ್‌ಮೋಡೆಮ್‌ಡಿ ಕೂಡ ಮೂಲೆ ಸೇರಿ ಸುಮ್ಮನಾಗಲಿಲ್ಲ. 2021ರಲ್ಲಿ ‘ಡಿ-ಮೋಡೆಮ್’ ಎಂಬ ಯೋಜನೆ ಅದನ್ನೇ ಎತ್ತಿಕೊಂಡು, ಫೋನ್ ಲೈನಿನ ಜಾಗದಲ್ಲಿ ಇಂಟರ್‌ನೆಟ್ ಕರೆಯನ್ನು ಜೋಡಿಸಿತು. ಮೋಡೆಮ್ ಚಿಪ್ಪೇ ಇಲ್ಲ, ತಂತಿಯೂ ಇಲ್ಲ, ಲಿನಕ್ಸ್ ಯಂತ್ರದಿಂದ ಹಳೆಯ ಡಯಲ್-ಅಪ್ ಸಾಧನಗಳಿಗೆ ಸಂಪರ್ಕ ಸಿಗುತ್ತದೆ. ಅದರೊಳಗೆ ಸಿಗ್ನಲ್ ಕೆಲಸ ಮಾಡುವ ಭಾಗ ಇಪ್ಪತ್ತು ವರ್ಷದ ಹಿಂದಿನ ಅದೇ ಮುಚ್ಚಿದ 32 ಬಿಟ್ ಬೈನರಿ.