ಜರಡಿ ತುಂಬ ಹುಳು ಬಂದರೆ ನನಗೆ ಅನುಮಾನ

ಮೊದಲ ಸಲ ದೋಣಿ ಹತ್ತಿದ ವಿದ್ಯಾರ್ಥಿಗಳು ಜರಡಿಯಲ್ಲಿ ಹುಳು ಗಿಜಿಗುಡುವುದನ್ನು ಕಂಡರೆ ಹಿಗ್ಗುತ್ತಾರೆ. "ಸರ್, ಎಷ್ಟೊಂದು ಜೀವ!" ನನಗೆ ಅಲ್ಲೇ ಅನುಮಾನ ಶುರು.

ನದಿ ಸಮುದ್ರ ಸೇರುವ ಅಳಿವೆಯ ತಳದ ಕೆಸರನ್ನು ಮೇಲೆತ್ತಿ, ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆಯುತ್ತೇವೆ. ಆರೋಗ್ಯವಾಗಿರುವ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಜೀವಿ, ಏಡಿಮರಿ, ದಪ್ಪ ಹುಳು, ಸಣ್ಣ ಹುಳು ಎಲ್ಲ ಬೆರೆತಿರುತ್ತವೆ. ಬರೀ ದಾರದೆಳೆಯಂಥ ಕ್ಯಾಪಿಟೆಲ್ಲಾ ಹುಳುಗಳೇ ತುಂಬಿದ್ದರೆ, ಉಳಿದವರು ಮನೆ ಖಾಲಿ ಮಾಡಿದ್ದಾರೆ ಎಂದೇ ಅರ್ಥ. ಕೊಳೆ ಇನ್ನೂ ಹೆಚ್ಚಾದರೆ ಇವೂ ಇರುವುದಿಲ್ಲ. ಆಗ ಬರುವುದು ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಕೆಸರು ಮಾತ್ರ. ಈ ಕ್ರಮವನ್ನು ಸಮುದ್ರಜೀವಿ ವಿಜ್ಞಾನಿಗಳಾದ ಪಿಯರ್ಸನ್ ಮತ್ತು ರೋಸೆನ್‌ಬರ್ಗ್ 1978ರಲ್ಲೇ ವಿವರಿಸಿದ್ದರು. ಆದರೆ ಅವರ ಉದಾಹರಣೆಗಳು ಮುಖ್ಯವಾಗಿ ಚಳಿ ದೇಶಗಳವು.

ಕೊಚ್ಚಿಯ ಹಿನ್ನೀರನ್ನೇ ನೋಡಿ. ನಗರದ ಚರಂಡಿ, ಪೆರಿಯಾರ್ ದಂಡೆಯ ಏಲೂರಿನ ಕಾರ್ಖಾನೆಗಳು, ಕುಟ್ಟನಾಡಿನ ಗದ್ದೆಗಳ ಗೊಬ್ಬರ, ಎಲ್ಲವೂ ಅಲ್ಲಿಗೇ ಬರುತ್ತವೆ. ಸಾರಜನಕ, ರಂಜಕ ಉಂಡ ಪಾಚಿ ಬೆಳೆದು, ಸತ್ತು, ತಳ ಸೇರುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ಆಮ್ಲಜನಕವನ್ನು ಹೀರುತ್ತವೆ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ತಳದ ಜೀವಿಗಳಿಗೆ ಉಸಿರಾಟವೇ ಕಷ್ಟ. ಮೀನಾದರೆ ಈಜಿ ಹೋದೀತು, ಬಳಚು ಎಲ್ಲಿಗೆ ಹೋಗಬೇಕು?

ನಮ್ಮ ಸೆಕೆಯಲ್ಲಿ ಇದು ಬೇಗ ಆಗುತ್ತದೆ. ಸಿಹಿನೀರು 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಉಪ್ಪು ಬೆರೆತರೆ ಇನ್ನೂ ಕಡಿಮೆ. ಬ್ಯಾಕ್ಟೀರಿಯಾಗಳಿಗೋ ಸೆಕೆಯಲ್ಲಿ ಹಸಿವು ಜಾಸ್ತಿ!

ಆದರೂ ಎಲ್ಲವನ್ನೂ ಗೊಬ್ಬರದ ತಲೆಗೆ ಕಟ್ಟುವುದು ಸುಮ್ನೆ ಆತುರ. ಮಳೆಗಾಲದಲ್ಲಿ ಹಗುರ ಸಿಹಿನೀರು ಉಪ್ಪುನೀರಿನ ಮೇಲೆ ಮುಚ್ಚಳದಂತೆ ಕೂರುತ್ತದೆ. ಅದೇ ಹೊತ್ತಿಗೆ ಅರಬ್ಬಿ ಸಮುದ್ರದ ಆಳದಿಂದ ಮೇಲೆದ್ದ, ಆಮ್ಲಜನಕ ಕಡಿಮೆಯಿರುವ ನೀರು ಅಳಿವೆಬಾಗಿಲಿನಿಂದ ಒಳನುಗ್ಗುತ್ತದೆ. ಜೊತೆಗೆ ನೆರೆ ಬಂದು ಉಪ್ಪು ದಿಢೀರನೆ ಇಳಿದಾಗ ಎಷ್ಟೋ ಜೀವಿಗಳು ಹಾಗೇ ಸಾಯುತ್ತವೆ. ಅಂದರೆ ಯಾರೂ ಕೊಳೆ ಸುರಿಯದಿದ್ದರೂ ಆಗಸ್ಟ್‌ನ ಕೆಸರು ಬಡವಾಗಿಯೇ ಕಾಣಬಹುದು.

ಅದಕ್ಕೇ ಒಂದೇ ಭೇಟಿಯ ವರದಿಯನ್ನು ನಾನು ನಂಬುವುದಿಲ್ಲ. ನೆರೆ ಇಳಿದು ಉಪ್ಪು ಮರಳಿದ ಮೇಲೆ, ಡಿಸೆಂಬರ್‌ನಲ್ಲಿ ಅದೇ ಜಾಗಕ್ಕೆ ಮತ್ತೆ ಹೋಗುತ್ತೇವೆ. ಆಗ ನಾನು ಹುಳು ಎಣಿಸುವ ಮೊದಲು ಜರಡಿಯಲ್ಲಿ ಹುಡುಕುವುದು ಕಿರುಬೆರಳಿನ ಉಗುರಿನಷ್ಟಿರುವ ಮರಿ ಬಳಚುಗಳನ್ನು. ಅವು ಸಿಕ್ಕರೆ, ಖಾಲಿಯಾದ ಮನೆಗೆ ಉಳಿದವರು ಮರಳುತ್ತಿದ್ದಾರೆ ಎಂದರ್ಥ.